ಎಣಿಕೆಗೆ ಕಾದ ಬಾಕ್ಸರ್

ಹುಬ್ಬಳ್ಳಿಯಲ್ಲಿ ಮಲ್ಲೇಶಿ ಎಂಬ ಬಾಕ್ಸರ್ ಇದ್ದ. ಗುದ್ದು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಅವನ ಗುರು ಈರಪ್ಪ ಮಾಸ್ತರರ ತಾಲೀಮಿನಲ್ಲೇ ದಸ್ತಗೀರ ಎಂಬವನು ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಕಲಿಯುತ್ತಿದ್ದ. ಅದರಲ್ಲಿ ಗುದ್ದಬಹುದು, ಒದೆಯಬಹುದು, ಕೆಡವಿ ಕುತ್ತಿಗೆಯನ್ನೂ ಅಮುಕಬಹುದು.

"ಬಾಕ್ಸಿಂಗ್ ಕಠಿಣ ಐತ್ರಿ ಮಾಸ್ತರ. ದಸ್ತಗೀರಂದೇನು, ಬರೇ ನೆಲದಾಗ ಹೊರಳಾಡೋದು. ಬರೋ ಐತಾರ ಅವರ ಪಂದ್ಯಕ್ಕ ನನ್ನ ಹೆಸರು ಕೊಟ್ಟೇನಿ," ಎಂದ ಮಲ್ಲೇಶಿ.

ಮಾಸ್ತರರು ಹೆದರಿದರು. ಕಲಿಯದ ಆಟಕ್ಕೆ ಇಳಿದು ಹಾಸಿಗೆ ಹಿಡಿದವರನ್ನು ಅವರು ಕಂಡಿದ್ದರು. "ಮೊದಲ ಇಲ್ಲೇ ದಸ್ತಗೀರನ ಕೂಡ ಮೂರು ನಿಮಿಷ ಆಡಿ ತೋರ್ಸು," ಎಂದರು.

ಮೊದಲ ಗುದ್ದು ಮಲ್ಲೇಶಿಯದೇ. ಎರಡನೆಯದು ಗಾಳಿಗೆ ಹೋಯಿತು. ದಸ್ತಗೀರ ಬಗ್ಗಿ, ಎರಡೂ ಕಾಲು ಎಳೆದು ಅವನನ್ನು ಕೆಡವಿದ. ಬಾಕ್ಸಿಂಗಿನಲ್ಲಿ ಒಬ್ಬ ಬಿದ್ದರೆ ಎದುರಾಳಿ ದೂರ ಸರಿಯಬೇಕು, ರೆಫ್ರಿ ಹತ್ತರವರೆಗೆ ಎಣಿಸಬೇಕು. ಅದೇ ರೂಢಿಯಲ್ಲಿ ನಮ್ಮ ಮಲ್ಲೇಶಿ ಮಂಡಿಯೂರಿ, ತಲೆ ತಗ್ಗಿಸಿ, ಎಣಿಕೆಗೆ ಕಾದ.

ಯಾರೂ ಎಣಿಸಲಿಲ್ಲ. ಬೆನ್ನ ಮೇಲೆ ಭಾರ ಬಿತ್ತು. ಕುತ್ತಿಗೆಗೆ ತೋಳು ಸುತ್ತಿತು. ಆಗ ಬಂತು ನೋಡಿ ಹೆದರಿಕೆ! ಕೂಗಲು ಹೋದ, ದನಿ ಹೊರಡಲಿಲ್ಲ. ಸೋತೆ ಎನ್ನಲು ಎದುರಾಳಿಯ ಮೈಯನ್ನು ಎರಡು ಸಲ ತಟ್ಟಿದರೆ ಸಾಕಿತ್ತು. ಆ ಧಿಮಾಕಿನವನು ಅದನ್ನೂ ಕೇಳಿ ತಿಳಿದುಕೊಂಡಿರಲಿಲ್ಲ. ಕಣ್ಣು ಕತ್ತಲಿಟ್ಟಿತು. ಸತ್ತೇ ಹೋದೆ ಎಂದುಕೊಂಡ. ಅವನ ಕೈ ಜೋತುಬಿದ್ದದ್ದು ಕಂಡು ಮಾಸ್ತರರು, "ಬಿಡೋ, ಬಿಡೋ!" ಎಂದು ಚೀರಿದರು.

ಉಸಿರು ತಿರುಗಿದಾಗ ಮಲ್ಲೇಶಿ ಮೆಲ್ಲಗೆ ಎದ್ದು ಕುಳಿತ. ದಸ್ತಗೀರ ಅವನ ಬೆನ್ನು ನೀವಿದ. "ನೀ ತಟ್ಟತೀ ಅಂತ ಕಾದೆ ಮಾರಾಯ. ನನ್ನ ಜೀವಾನ ಹೋದಂಗಾತು."

"ನಿಂದ ಕಠಿಣ ಐತಿ ಬಿಡೋ," ಎಂದ ಮಲ್ಲೇಶಿ.

"ಹಂಗನಬ್ಯಾಡ. ಹೋದ ವರ್ಷ ನಾ ನಿಮ್ಮ ರಿಂಗಿನ್ಯಾಗ ಇಳಿದಿದ್ದೆ. ಮುಖಕ್ಕ ಗುದ್ದು ಬರೋದು ಕಾಣಸ್ತಿತ್ತು. ಕಾಲು ಹಿಡಿಯೋ ಹಂಗಿಲ್ಲ, ಒದೆಯೋ ಹಂಗಿಲ್ಲ, ಎಲ್ಲಿ ಹೋಗ್ಲಿ? ಇವತ್ತಿಗೂ ಆ ರಿಂಗಿನ ಹಗ್ಗ ನೋಡಿದ್ರ ಕೈಕಾಲು ತಣ್ಣಗಾಗ್ತಾವ."

ಮಲ್ಲೇಶಿ ಅಂದೇ ಹೋಗಿ ಭಾನುವಾರದ ಪಂದ್ಯದಿಂದ ಹೆಸರು ತೆಗೆಸಿದ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಾಲೀಮಿಗೆ ಬಂದು ದಸ್ತಗೀರನ ಮುಂದೆ ಕುಳಿತ. ಕುತ್ತಿಗೆ ಇನ್ನೂ ನೋಯುತ್ತಿತ್ತು.

"ಸೋತೆ ಅನ್ನೋದನ್ನ ಮೊದಲ ಕಲಿಸು," ಎಂದ.

ನೀತಿ: ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಇನ್ನೊಬ್ಬರ ವಿದ್ಯೆ ಹಗುರ ಎಂದು ಬಾಯಿಬಿಡುವ ಮೊದಲು ಅದರೊಳಗಿನ ಹೆದರಿಕೆಯನ್ನೂ ತಿಳಿದುಕೊಳ್ಳಬೇಕು.