ಬಿಳಿ ಊಟಕ್ಕೆ ಕರಿ ಹಂಡೆ

ಇಗರ್ಜಿಯ ಸ್ತ್ರೀ ಸಂಘಕ್ಕೆ ಐವತ್ತು ತುಂಬಿತು. ಹಬ್ಬದೂಟದಲ್ಲಿ ಎಲ್ಲವೂ ಬಿಳಿಯೇ ಇರಬೇಕೆಂದು ಹೆಂಗಸರು ಗೊತ್ತುಮಾಡಿದರು.

"ಮಸಿಯಣ್ಣ, ನೀನು ಸಭಾಂಗಣಕ್ಕೆ ಬರಬೇಡ," ಎಂದವು ಪಿಂಗಾಣಿ ತಟ್ಟೆಗಳು, ಇಡ್ಲಿಯಂಥ ಸನ್ನ ಬೇಯಿಸುವ ಹಂಡೆಗೆ.

"ಐವತ್ತು ವರ್ಷ ಬೇಯಿಸಿದ್ದೇನೆ. ಈ ಊಟಕ್ಕೆ ನಾನೂ ಸೇರಿದವನೇ."

"ಸನ್ನ ಬಿಳಿ, ಅದು ಬರಲಿ. ನೀನು ಒಲೆಯ ಮೇಲೇ ಕೂತಿರು."

"ಕೂತಿರುತ್ತೇನೆ. ಊಟವೇ ಇಲ್ಲಿಗೆ ಬರಲಿ," ಎಂದು ಹಂಡೆ ಇನ್ನೊಂದು ಒಬ್ಬೆ ಸನ್ನ ಬೇಯಿಸತೊಡಗಿತು.

ಹಾಡು, ಭಾಷಣ ಮುಗಿಯುವಷ್ಟರಲ್ಲಿ ಬಿಳಿ ಬೋಗುಣಿಯಲ್ಲಿದ್ದ ಸನ್ನ ಆರಿ ಬಿರುಸಾಯಿತು. ಹಿರಿಯಳಾದ ಲಿಲ್ಲಿಬಾಯಿ ಒಂದನ್ನು ಬೆರಳಲ್ಲಿ ಒತ್ತಿ ನೋಡಿ, ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದಳು.

"ಬನ್ನಿರೇ, ಬಿಸಿ ಇಲ್ಲಿದೆ."

ಹೆಂಗಸರೆಲ್ಲ ಹಿಂದೆಯೇ ಬಂದರು. ಅವರ ಕೈಯಲ್ಲಿದ್ದ ಬಿಳಿ ತಟ್ಟೆಗಳು ಒಲೆಯೆದುರು ಸಾಲುಗಟ್ಟಿದವು.

"ನಿಧಾನವಾಗಿ ಬನ್ನಿ," ಎಂದಿತು ಹಂಡೆ. "ಮಸಿ ತಾಗೀತು."