ಕೌದಿ ಹಾಸಿ ಆರಿಸಿದ ಚಾವಣಿ

ಕಲಘಟಗಿಯ ಅಡಿವೆಪ್ಪನಿಗೆ ತನ್ನ ಹಂಚಿನ ಮನೆಯ ಮೇಲೆ ಬಲು ಅಭಿಮಾನ. ಅಜ್ಜ ಕಟ್ಟಿಸಿದ ಮನೆ. ಎರಡೂ ಕಡೆ ಕಡಿದಾದ ಇಳಿಜಾರು. ಎಂಥ ಮಳೆಗೂ ಒಂದು ಹನಿ ಒಳಗೆ ಬಂದದ್ದಿಲ್ಲ. ಇದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಮಗಳು ಸುವರ್ಣಾಳಿಗೆ ಅದು ಚೊಚ್ಚಲ ಹೆರಿಗೆ. ಮೊದಲ ಬಾಣಂತನ ತವರಿನಲ್ಲೇ ಆಗಬೇಕಲ್ಲ! ಕೂಸು ಹುಟ್ಟುವುದೋ ಆಷಾಢದಲ್ಲಿ, ಮಳೆ ಬಿಡದೆ ಹಿಡಿಯುವ ದಿನಗಳಲ್ಲಿ. ಬಾಣಂತಿಗೂ ಕೂಸಿಗೂ ಬೆಚ್ಚಗಿರಲಿ ಎಂದು ಅಡಿವೆಪ್ಪ ಅಡುಗೆಮನೆಯ ಹಿಂದೆ ಒಂದು ಕೋಣೆ ಕಟ್ಟಿಸಲು ಹೊರಟ. ಆದರೆ ಅಡುಗೆಮನೆಯ ಗೋಡೆಯಲ್ಲಿ ಒಲೆಯ ಹೊಗೆ ಹೋಗುವ ಕಿಂಡಿ ಇತ್ತು. ಹೊಸ ಚಾವಣಿ ಆ ಕಿಂಡಿಯ ಕೆಳಗೇ ಶುರುವಾಗಬೇಕು. ಇನ್ನೊಂದು ತುದಿಯಲ್ಲಿ ಬಾಗಿಲು ದಾಟುವವರ ತಲೆ ತಾಗಬಾರದು. ಹೀಗಾಗಿ ಹತ್ತು ಅಡಿ ಉದ್ದಕ್ಕೆ ಸಿಕ್ಕ ಇಳಿಜಾರು ಒಂದೇ ಅಡಿ.

ಗೋಡೆ ಕಟ್ಟಿ ಮುಗಿಸಿದ ಗೌಂಡಿ ಮೌಲಾಸಾಬ ದಾರ ಹಿಡಿದು ಅಳೆದು ನೋಡಿದ.

"ಅಣ್ಣಾರ, ಇದಕ್ಕ ತಗಡು ಹಾಕೋಣ್ರಿ. ಮ್ಯಾಲಿಂದ ಕೆಳಗಿನ ತನಕಾ ಒಂದ ಉದ್ದನ್ನ ತಗಡು."

ಅಡಿವೆಪ್ಪನಿಗೆ ಸಿಟ್ಟು ಬಂತು. "ತಗಡು ಅಂಗಡಿಗೆ ಹಾಕು ಹೋಗು! ನಾಳೆ ಬೀಗರು ಕೂಸು ನೋಡಾಕ ಬಂದ್ರ ನಾ ಅವರನ್ನ ತಗಡಿನ ಕೆಳಗ ಕುಂಡರಸ್ಲಿ? ಹಂಚ ಹಾಕು. ನಮ್ಮ ಮನಿ ಹಂಚು ಎಂದಾದ್ರೂ ಸೋರಿದ್ದು ನೋಡಿಯೇನು?"

"ಇಲ್ರಿ. ಅಲ್ಲಿ ನೀರು ಓಡತೈತಿ. ಇಲ್ಲಿ ಅದು ಕುಂತ ಕುಂತ ಹೋಗತೈತಿ. ಕುಂತ ನೀರು ಸಂದಿ ಹುಡುಕತೈತ್ರಿ."

ಅಡಿವೆಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಹಟ ಹಿಡಿದರೆ ಹಿಡಿದದ್ದೇ.

ಮೌಲಾಸಾಬ ವಾದಕ್ಕೆ ಇಳಿಯುವವನಲ್ಲ. ಬಾಣಂತಿಗೆಂದು ತಂದಿಟ್ಟಿದ್ದ ಹಗ್ಗದ ಹೊರಸನ್ನು ಅಂಗಳಕ್ಕೆ ಎಳೆದ. ಒಂದು ಕಡೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಂಗಿ, ಮೇಲೊಂದು ಹಂಚಿನ ಚೂರು ಇಟ್ಟ. ಹೊರಸಿಗೂ ಕೋಣೆಗೂ ಒಂದೇ ಇಳಿಜಾರಾಯಿತು. ಅದರ ಮೇಲೆ ಕಟ್ಟಿಗೆಯ ಪಟ್ಟಿ ಹೊಡೆದು, ಸಾಲಾಗಿ ಹಂಚು ಜೋಡಿಸಿದ. ಕೆಳಗೆ ಒಂದು ಗೋಣಿಚೀಲ ಹಾಸಿದ.

"ನೀರು ಹಾಕ್ರಿ ಅಣ್ಣಾರ."

ಅಡಿವೆಪ್ಪ ಒಂದು ತಂಬಿಗೆ ನೀರನ್ನು ಮೆಲ್ಲಗೆ ಸುರಿದ. ಬಾಗಿ ನೋಡಿದ. ಚೀಲಕ್ಕೆ ಒಂದು ಹನಿಯೂ ತಾಗಿರಲಿಲ್ಲ. ಮೀಸೆ ತಿರುವಿದ. "ಈಗೇನಂತಿ?"

"ಇದು ನಿಮ್ಮ ಮಳಿ ಆತ್ರಿ. ಆಷಾಢದ ಮಳಿ ಹಿಂಗ ಕೇಳಿ ಬರೂದಿಲ್ಲ. ಅದರ ಬೆನ್ನಿಗೆ ಗಾಳಿ ಇರತೈತಿ." ಮೌಲಾಸಾಬ ಅಡಿವೆಪ್ಪನ ಹೆಂಡತಿಯ ಕಡೆ ತಿರುಗಿದ. "ಗಂಗವ್ವಕ್ಕಾರ, ಒಂದು ಮೊರ ತರ್ರಿ. ಅಣ್ಣಾರ, ನೀವು ಚೀಲ ತಗದು ಕೂಸಿನ ಕೌದಿ ಹಾಸ್ರಿ."

ಆ ಕೌದಿಯನ್ನು ಗಂಗವ್ವ ಮೂರು ತಿಂಗಳು ಕೂತು ಹೊಲಿದಿದ್ದಳು. ತನ್ನ ಹಳೆಯ ಇಳಕಲ್ ಸೀರೆ, ಸುವರ್ಣಾ ಚಿಕ್ಕವಳಿದ್ದಾಗಿನ ಲಂಗ, ಎಲ್ಲವೂ ಅದರಲ್ಲಿದ್ದವು. ಅಡಿವೆಪ್ಪ ಒಳಗಿನಿಂದ ಅದನ್ನು ತಂದ. ಹೊರಸಿನ ಹತ್ತಿರ ಬಂದು ನಿಂತ. ಕೈ ಮುಂದೆ ಹೋಗಲಿಲ್ಲ.

"ಯಾಕ್ರಿ? ಸೋರೂದಿಲ್ಲಲ್ಲ?" ಎಂದಳು ಗಂಗವ್ವ.

ಹೆಂಡತಿಯೇ ಕೆಣಕಿದ ಮೇಲೆ ಹಿಂದೆ ಸರಿಯುವುದು ಹೇಗೆ? ಹಾಸಿದ. ಮೌಲಾಸಾಬ ಕೊಡದಿಂದ ನೀರು ಸುರಿಯುತ್ತ ಹೋದ. ಗಂಗವ್ವ ಕೆಳತುದಿಯಲ್ಲಿ ನಿಂತು ಮೊರದಿಂದ ಜೋರಾಗಿ ಗಾಳಿ ಹಾಕಿದಳು. ಇಳಿಯುತ್ತಿದ್ದ ನೀರು ತಡೆಯಿತು, ಹಂಚಿನ ಅಂಚಿನಲ್ಲಿ ನಿಂತಿತು, ಹಿಂದಕ್ಕೆ ಸರಿದು ಹಂಚುಗಳ ಸಂದಿಯಲ್ಲಿ ನುಸುಳಿತು. ಟಪ್ ಎಂದು ಒಂದು ಹನಿ. ಮತ್ತೊಂದು. ಕೊಡ ಮುಗಿಯುವಷ್ಟರಲ್ಲಿ ಕೌದಿಯ ನಡುಭಾಗ ತೊಯ್ದುಹೋಗಿತ್ತು.

ಅಡಿವೆಪ್ಪ ಅದನ್ನು ಎತ್ತಿ ಹಿಂಡಿದ. ಅವನ ಮುಖ ಸಣ್ಣದಾಯಿತು. ಇದರೊಳಗೆ ಮಗಳ ಕೂಸು ಮಲಗಿರುತ್ತಿತ್ತಲ್ಲ! ಬಿಂಕ ಅಲ್ಲಿಗೇ ಇಳಿಯಿತು.

"ತಗಡ ಹಾಕಪಾ," ಎಂದ. ಆದರೂ ಒಂದು ಮಾತು ಕೂಡಿಸಿದ: "ಆದ್ರ ಮಳಿ ಬಿದ್ರ ಅದು ಡಬಡಬ ಅಂತೈತಿ. ಕೂಸು ಏಳತೈತಿ."

"ಇದು ಖರೇ ಮಾತು ನೋಡ್ರಿ," ಎಂದು ಮೌಲಾಸಾಬ ಒಪ್ಪಿದ. ತಗಡಿನ ಕೆಳಗೆ ಕಟ್ಟಿಗೆಯ ಹಲಗೆ ಹೊಡೆದು ಸಪ್ಪಳ ತಗ್ಗಿಸಿದ. ಗೋಡೆಯಲ್ಲಿ ಗೀರು ಕೊರೆದು ತಗಡಿನ ಅಂಚನ್ನು ಒಳಗೆ ಸೇರಿಸಿ ಗಾರೆ ಮೆತ್ತಿದ. ಕೌದಿ ಬಿಸಿಲಿಗೆ ಒಣಗುವ ಹೊತ್ತಿಗೆ ಕೆಲಸ ಅರ್ಧ ಮುಗಿದಿತ್ತು.

ಆಷಾಢ ಬಂತು. ಸುವರ್ಣಾ ಹೆಣ್ಣು ಹೆತ್ತಳು. ಬೀಗರು ಕೂಸು ನೋಡಲು ಬಂದ ದಿನ ಮಳೆಯೂ ಗಾಳಿಯೂ ಜೊತೆಗೇ ಬಂದವು. ಬೀಗರು ಕೂಸನ್ನು ನೋಡಿದರೇ ಹೊರತು ಚಾವಣಿಯ ಕಡೆ ಕತ್ತೆತ್ತಲಿಲ್ಲ. ತಡೆಯಲಾರದವನು ನಮ್ಮ ಅಡಿವೆಪ್ಪನೇ! ಒಂದೇ ಕೊಡೆಯಲ್ಲಿ ಬೀಗರನ್ನು ಹಿತ್ತಲಿಗೆ ಎಳೆದುಕೊಂಡು ಹೋದ.

"ನೋಡ್ರಿ ಬೀಗರ, ತಗಡು! ನಡುವ ಒಂದೂ ಜೋಡಣಿ ಇಲ್ಲ!"

ಗಾಳಿಗೆ ಕೊಡೆ ಮಗುಚಿತು. ಬೀಗರು ಮುಖ ಒರೆಸಿಕೊಳ್ಳುತ್ತ ನಕ್ಕರು.

"ನೋಡಿದ್ನ್ರಿ. ಒಳಗ ನಡೀರಿ ಇನ್ನ. ನಾವಿಬ್ರೂ ತೊಯ್ದು ತೊಪ್ಪಿ ಆದ್ವಿ. ಒಣಾ ಇದ್ದಾಕಿ ಅಂದ್ರ ನಮ್ಮ ಮೊಮ್ಮಗಳೊಬ್ಬಾಕಿನ."

ನೀತಿ: ಚಾವಣಿಗೆ ಏನು ಹೊದಿಸಬೇಕೆಂಬುದನ್ನು ಅದರ ಇಳಿಜಾರು ನೋಡಿ ನಿರ್ಧರಿಸಬೇಕು, ನೆಂಟರ ಮುಖ ನೋಡಿ ಅಲ್ಲ. ಅಜ್ಜನ ಮನೆಗೆ ಒಪ್ಪಿದ್ದು ನಮ್ಮ ಕೋಣೆಗೂ ಒಪ್ಪುತ್ತದೆ ಎನ್ನುವ ಮೊದಲು, ಅದರ ಕೆಳಗೆ ಮಲಗುವವರ ಹಾಸಿಗೆ ಇಟ್ಟು ಒಮ್ಮೆ ನೀರು ಸುರಿದು ನೋಡಿ.