ಜಗಲಿ ಇಳಿದವರು

"ಮೇಷ್ಟ್ರೇ, ಫೋನಿನಲ್ಲಿ ಚದುರಂಗ ಆಡೋಕೆ ಶುರು ಮಾಡಿ ಎರಡು ವರ್ಷ ಆಯ್ತು. ನನ್ನ ಆಟ ಯಾಕೆ ಇದ್ದಲ್ಲೇ ಇದೆ?" ಎಂದು ತಿಪ್ಪೇಶ ಕೇಳಿದ.

ಹಾಲಪ್ಪ ಮೇಷ್ಟ್ರು ಊರಿನ ಮಕ್ಕಳಿಗೆ ಚದುರಂಗ ಕಲಿಸಿದವರು. ತಿಪ್ಪೇಶನೂ ಚಿಕ್ಕಂದಿನಲ್ಲಿ ಅವರ ಮುಂದೆ ಕೂತು ಕಾಯಿ ನಡೆಸಲು ಕಲಿತವನು. ಈಗ ಅವನಿಗೆ ಬೇರೆ ಊರಿನಲ್ಲಿ ಒಂದು ನೌಕರಿ, ಒಂದು ಬಾಡಿಗೆ ಕೋಣೆ, ಒಂದು ಫೋನು. ಹೇಳಿಕೊಳ್ಳಲು ಇದ್ದದ್ದು ಅಷ್ಟೇ.

"ಏನೇನು ಮಾಡ್ತೀಯ?" ಎಂದರು ಮೇಷ್ಟ್ರು.

"ಎಲ್ಲಾ ಮಾಡ್ತೀನಿ. ವಿಡಿಯೊ ನೋಡ್ತೀನಿ. ಒಗಟು ಬಿಡಿಸ್ತೀನಿ. ಮೊದಲ ನಡೆಗಳನ್ನ ಬಾಯಿಪಾಠ ಮಾಡಿದ್ದೀನಿ. ಆದ್ರೂ ರೇಟಿಂಗ್ ಮೇಲಕ್ಕೆ ಏರ್ತಿಲ್ಲ."

"ಸೋತ ಮೇಲೆ?"

"ಇನ್ನೊಂದು ಆಟ ಆಡ್ತೀನಿ."

"ಸೋಲಿಸಿದವನು?"

ತಿಪ್ಪೇಶ ನಕ್ಕ. "ಬ್ಲಾಕ್ ಮಾಡ್ತೀನಿ. ಮತ್ತೆ ಕಣ್ಣಿಗೆ ಬೀಳಬಾರದು ನೋಡಿ. ಮೊನ್ನೆ ಒಬ್ಬ ಗೆದ್ದದ್ದೂ ಅಲ್ಲದೆ, 'ಎಲ್ಲಿ ತಪ್ಪಾಯ್ತು, ನೋಡೋಣ್ವಾ?' ಅಂತ ಬರೆದ. ಎಷ್ಟು ಕೊಬ್ಬು!"

"ಮೂರು ನಿಮಿಷದ ಆಟ ಬಿಡು, ಅರ್ಧ ಗಂಟೆಯದು ಆಡು. ಸೋತ ಸಿಟ್ಟಿನಲ್ಲಿ ಇನ್ನೊಂದಕ್ಕೆ ಕೈ ಹಾಕಬೇಡ. ಫೋನಿನೊಳಗಿನ ಯಂತ್ರ ಹೇಳೋ ಮೊದಲು ಎಲ್ಲಿ ಕೆಟ್ಟಿತು ಅಂತ ನೀನೇ ಹುಡುಕು. ಇದೆಲ್ಲ ನಿನಗೆ ಗೊತ್ತಿಲ್ವಾ?"

"ಗೊತ್ತು."

"ಗೊತ್ತಿರೋದನ್ನ ಕೇಳೋಕೆ ಬಸ್ ಹತ್ತಿ ಬಂದಿಯೇನಪ್ಪಾ?"

ಮೇಷ್ಟ್ರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಗ್ಗದ ವ್ಯಾಪಾರಿ ಇದ್ದ. ಅವನ ಅಂಗಡಿಗೆ ಒಂದು ಜಗಲಿ, ಜಗಲಿಯ ಮೇಲೆ ಒಂದು ಚದುರಂಗದ ಮಣೆ. ಸಂಜೆ ವ್ಯಾಪಾರ ಇಳಿದ ಮೇಲೆ ಯಾರು ಬೇಕಾದರೂ ಮೇಲೆ ಹತ್ತಿ ಕೂತು ಆಡಬಹುದಿತ್ತು. ವ್ಯಾಪಾರಿಯ ಹೆಂಡತಿ ತೀರಿಹೋಗಿದ್ದಳು. ಬೇಗ ಮನೆ ಸೇರಲು ಅವನಿಗೆ ಯಾವ ಕಾರಣವೂ ಉಳಿದಿರಲಿಲ್ಲ.

ಅವನಿಗಿದ್ದದ್ದು ಒಂದೇ ಆಸೆ. ಊರಿನಲ್ಲಿ ತನ್ನಷ್ಟು ಚೆನ್ನಾಗಿ ಆಡುವವನು ಇನ್ನೊಬ್ಬ ಇರಬಾರದು. ಆಸೆ ದೊಡ್ಡದೇನಲ್ಲ. ಊರೂ ದೊಡ್ಡದಿರಲಿಲ್ಲ.

ಆದರೆ ಸೋಲು ಅವನಿಗೆ ಜೀರ್ಣವಾಗುತ್ತಿರಲಿಲ್ಲ. ಸೋತ ದಿನ ಊಟ ಸೇರುತ್ತಿರಲಿಲ್ಲ. ಸೋಲಿಸಿದವನು ಮಾರನೆಯ ಸಂಜೆ ಎದುರಿಗೆ ಬಂದು ಕೂತರೆ, ಹಿಂದಿನ ದಿನದ ಸೋಲೇ ಪಂಚೆ ಉಟ್ಟು ಬಂದು ಕೂತಂತೆ ಅನ್ನಿಸುತ್ತಿತ್ತು. ಅದಕ್ಕೆ ಒಂದು ಉಪಾಯ ಕಂಡುಕೊಂಡ. ಗೆದ್ದವನು ಮತ್ತೆ ಬಂದರೆ, "ಗಿರಾಕಿ ಇದಾರಪ್ಪ, ಇವತ್ತು ಆಗಲ್ಲ" ಎನ್ನುತ್ತಿದ್ದ. ಬಂದವನು ಅಂಗಡಿಯೊಳಗೆ ಇಣುಕುತ್ತಿದ್ದ. ಹಗ್ಗದ ಸುರುಳಿಗಳ ಹೊರತು ಅಲ್ಲಿ ಯಾರೂ ಇರುತ್ತಿರಲಿಲ್ಲ. ಎರಡು ಸಲ ಹೀಗಾದರೆ ಮರ್ಯಾದಸ್ಥರು ಮತ್ತೆ ಬರುತ್ತಾರೆಯೇ? ಯಾರನ್ನೂ ಬೈದಂತಾಗಲಿಲ್ಲ, ಯಾರಿಗೂ ಬಾಗಿಲು ಹಾಕಿದಂತಾಗಲಿಲ್ಲ. ಕೆಲಸ ಮಾತ್ರ ಆಯಿತು.

ಮೊದಲು ಇಳಿದುಹೋದವರು ಚೆನ್ನಾಗಿ ಆಡುತ್ತಿದ್ದವರು: ಗುಡಿಯ ಅರ್ಚಕ, ಒಬ್ಬ ನೇಕಾರ, ಸುಂಕದ ಕಟ್ಟೆಯ ಗುಮಾಸ್ತ. ಉಳಿದವರು ಸೋಲುತ್ತಿದ್ದವರು. ಅವರು ದಾರಿಯುದ್ದಕ್ಕೂ ತಮ್ಮ ತಮ್ಮಲ್ಲೇ ಜಗಳವಾಡುತ್ತ ಮನೆಗೆ ಹೋಗುತ್ತಿದ್ದರು. ಆನೆಯನ್ನು ಅಲ್ಲಿಡಬಾರದಿತ್ತು, ಕುದುರೆಯನ್ನು ಮೊದಲೇ ಹೊರಗೆ ತೆಗೆಯಬೇಕಿತ್ತು ಎಂದು ವಾದ. ಹೀಗೆ ಸೋತವರು ಕಲಿತರು. ಕಲಿತವರು ಗೆದ್ದರು. ಗೆದ್ದವರು ಜಗಲಿ ಇಳಿದರು. ವ್ಯಾಪಾರಿ ಗೆಲ್ಲುತ್ತಲೇ ಇದ್ದುದರಿಂದ ಅವನಿಗೆ ಕಲಿಯುವ ತೊಂದರೆ ಬರಲಿಲ್ಲ.

ಇಳಿದವರು ನೇಕಾರನ ಮಗ್ಗದ ಮನೆಯಲ್ಲಿ ಇನ್ನೊಂದು ಮಣೆ ಹಾಕಿಕೊಂಡರು. ಅಲ್ಲಿ ಒಂದು ಪದ್ಧತಿ ಇತ್ತು. ಆಟ ಮುಗಿದ ಮೇಲೆ ಗೆದ್ದವನು ಎದ್ದು ಹೋಗುವಂತಿಲ್ಲ. ಕಾಯಿಗಳನ್ನು ಹಿಂದಿನ ಜಾಗಕ್ಕೆ ಇಟ್ಟು, ಸೋತವನು ತಪ್ಪಿದ್ದು ಎಲ್ಲಿ ಎಂದು ತೋರಿಸಬೇಕು. ಸೋತವನು ಒಪ್ಪುವುದಿಲ್ಲ. ಉಳಿದವರು ಬಾಯಿ ಹಾಕುತ್ತಾರೆ. ಆಟಕ್ಕಿಂತ ಈ ಗಲಾಟೆಯೇ ದೊಡ್ಡದು. ಗಾಳಿ ಈ ಕಡೆ ಬೀಸಿದರೆ ಅವರ ನಗು ಹಗ್ಗದ ಅಂಗಡಿಯವರೆಗೂ ಕೇಳಿಸುತ್ತಿತ್ತು. ವ್ಯಾಪಾರಿ ಆಗ ಕೆಮ್ಮುತ್ತಿದ್ದ.

ಕೊನೆಗೆ ಜಗಲಿಯ ಮೇಲೆ ಉಳಿದವನು ಒಬ್ಬ ವೈದ್ಯ. ಅವನ ಮನೆ ರಸ್ತೆಯ ಆಚೆ ಬದಿಗೆ. ಅವನಲ್ಲಿಗೆ ಬರುವ ರೋಗಿಗಳು ಕಡಿಮೆ. ಊರು ಆರೋಗ್ಯವಾಗಿತ್ತೋ, ಊರಿಗೆ ಅವನ ಕಷಾಯದ ರುಚಿ ತಿಳಿದಿತ್ತೋ, ಹೇಳುವುದು ಕಷ್ಟ. ಅವನಿಗೂ ಮನೆಯಲ್ಲಿ ಯಾರೂ ಇರಲಿಲ್ಲ. ದಿನವೂ ಸಂಜೆ ಬರುತ್ತಿದ್ದ, ಆಡುತ್ತಿದ್ದ, ಸೋಲುತ್ತಿದ್ದ. "ನಿಮ್ಮ ಮುಂದೆ ನಮ್ಮ ಆಟ ಎಲ್ಲಿ ನಡೆಯುತ್ತೆ ಶೆಟ್ಟರೇ" ಎಂದು ಎಲೆಡಿಕೆ ಬಾಯಿಗೆ ಹಾಕಿಕೊಂಡು ಏಳುತ್ತಿದ್ದ. ಮಗ್ಗದ ಮನೆಯವರು ದಾರಿಯಲ್ಲಿ ಸಿಕ್ಕಾಗ, "ಪಂಡಿತರೇ, ಆ ಹಗ್ಗಕ್ಕೆ ಕಟ್ಟಿಹಾಕಿಕೊಂಡು ಎಷ್ಟು ದಿನ ಇರ್ತೀರಿ? ಈ ಕಡೆ ಬನ್ನಿ" ಎನ್ನುತ್ತಿದ್ದರು. ಅವನು ನಕ್ಕು ಮುಂದೆ ಹೋಗುತ್ತಿದ್ದ.

ವೈದ್ಯ ಕೆಟ್ಟದಾಗಿ ಸೋಲುತ್ತಿರಲಿಲ್ಲ. ಬೇಗ ಸೋತರೆ ವ್ಯಾಪಾರಿಗೆ ಬೇಸರ, ಬಹಳ ತಡವಾದರೆ ಭಯ. ವ್ಯಾಪಾರಿಯ ಹಣೆಯಲ್ಲಿ ಬೆವರು ಮೂಡಿ ಆರುವ ಹೊತ್ತಿಗೆ ಸರಿಯಾಗಿ ಸೋಲುತ್ತಿದ್ದ. ಹಾಗೆ ಸೋಲಬೇಕಾದರೆ, ಎದುರಿನವನು ಮಾಡುವುದನ್ನು ಅವನಿಗಿಂತ ಮೊದಲೇ ಕಾಣಬೇಕು.

"ಬೇಕಂತಲೇ ಸೋಲ್ತಿದ್ನಾ?" ಎಂದು ತಿಪ್ಪೇಶ ನಡುವೆ ಕೇಳಿದ.

"ವ್ಯಾಪಾರಿ ಅದನ್ನ ಕೇಳಲಿಲ್ಲ," ಎಂದರು ಮೇಷ್ಟ್ರು. "ಗೆಲ್ಲೋವನಿಗೆ ಅನುಮಾನ ಯಾಕೆ ಬರುತ್ತೆ?"

ಒಂದು ದಿನ ಪರವೂರಿನ ಪ್ರಯಾಣಿಕನೊಬ್ಬ ಬಂದು ಛತ್ರದಲ್ಲಿ ಇಳಿದ. ಈ ಊರಿನಲ್ಲಿ ಚದುರಂಗ ಆಡುವವರು ಯಾರು ಎಂದು ಕೇಳಿದ. ಊರಿನವರು ಹಗ್ಗದ ಅಂಗಡಿ ತೋರಿಸಿದರು. ಕೆಲವರು ನಗು ತಡೆದುಕೊಂಡು ತೋರಿಸಿದರು. ವ್ಯಾಪಾರಿ ಮಡಿಸಿಟ್ಟ ಪಂಚೆ ತೆಗೆದು ಉಟ್ಟುಕೊಂಡು ಛತ್ರಕ್ಕೆ ಹೊರಟ. ವೈದ್ಯ ಜೊತೆಗೆ ಹೋದ. ಮಗ್ಗದ ಮನೆಯವರೆಲ್ಲ ಬಂದು ಸುತ್ತ ನಿಂತರು.

ವ್ಯಾಪಾರಿ ಸೋತ. ಮತ್ತೆ ಕಾಯಿ ಜೋಡಿಸಿ, ಮತ್ತೆ ಸೋತ. ಮೂರನೆಯ ಆಟದಲ್ಲಿ ತನ್ನ ಮಂತ್ರಿ ಹೋದದ್ದೂ ಅವನಿಗೆ ತಡವಾಗಿ ತಿಳಿಯಿತು.

ಪ್ರಯಾಣಿಕ ಸುತ್ತ ನೋಡಿ ಹೇಳಿದ: "ಇವರನ್ನ ಯಾರೋ ಬಹಳ ಮುದ್ದಿನಿಂದ ಸಾಕಿದಾರೆ. ಒಂದು ದಿನಾನೂ ಬಿಸಿಲಿಗೆ ಬಿಟ್ಟಿಲ್ಲ."

ಎಲ್ಲರೂ ನಕ್ಕರು. ಜಗಲಿಯಿಂದ ಇಳಿದವರ ನಗು ಉಳಿದವರದಕ್ಕಿಂತ ತುಸು ಹೆಚ್ಚು ಹೊತ್ತು ಇತ್ತು.

ವ್ಯಾಪಾರಿಗೆ ತಲೆ ಎತ್ತಲಾಗಲಿಲ್ಲ. ಇಷ್ಟು ಜನರಲ್ಲಿ ತಾನೊಬ್ಬನೇ ಸೋತವನಾಗಿ ಮನೆಗೆ ಹೋಗುವುದು ಅವನಿಂದ ಆಗದ ಮಾತು. ಪಕ್ಕದಲ್ಲಿದ್ದ ವೈದ್ಯನ ತೋಳು ಹಿಡಿದು ಎಳೆದ.

"ಕೂತ್ಕೊಳ್ಳಿ ಪಂಡಿತರೇ. ನೀವೂ ಒಂದು ಆಟ ಆಡಿ."

"ಬಿಡಿ ಶೆಟ್ಟರೇ, ನನಗೆಲ್ಲಿ ಬರುತ್ತೆ?"

"ಸೋಲೋದೂ ಬರಲ್ವಾ? ಕೂತ್ಕೊಳ್ಳಿ!"

ವೈದ್ಯ ಕೂತ. ಸೋಲುವುದು ಅವನಿಗೆ ಸುಲಭವಾಗಿತ್ತು. ಸೋತಿದ್ದರೆ ನಾಳಿನ ಸಂಜೆ ಎಂದಿನಂತೆ ಅವನದಾಗುತ್ತಿತ್ತು. ಅವನು ವ್ಯಾಪಾರಿಯ ತಗ್ಗಿದ ತಲೆಯನ್ನು ನೋಡಿದ. ಇನ್ನೂ ನಗುತ್ತಿದ್ದ ಪ್ರಯಾಣಿಕನನ್ನು ನೋಡಿದ. ಆಮೇಲೆ ಮಣೆಯನ್ನು ನೋಡಿದ. ಬಾಯಲ್ಲಿದ್ದ ಎಲೆಡಿಕೆ ಮುಗಿಯುವುದರೊಳಗೆ ಪ್ರಯಾಣಿಕನ ರಾಜನಿಗೆ ಹೋಗಲು ಒಂದು ಮನೆಯೂ ಇರಲಿಲ್ಲ.

"ನಮ್ಮ ಶೆಟ್ಟರಿಗೆ ಇವತ್ತು ಮೈ ಸರಿ ಇರಲಿಲ್ಲ," ಎಂದು ಹೇಳಿ ವೈದ್ಯ ಎದ್ದ.

ಪ್ರಯಾಣಿಕನ ಮುಖ ಬಾಡಿದ್ದನ್ನು ಊರೆಲ್ಲ ನೋಡಿತು. ವ್ಯಾಪಾರಿ ನೋಡಲಿಲ್ಲ. ಅವನು ವೈದ್ಯನೊಡನೆ ಕಳೆದ ಸಂಜೆಗಳನ್ನು ಒಂದೊಂದಾಗಿ ಹಿಂದಕ್ಕೆ ಕರೆಯುತ್ತಿದ್ದ. ತಾನು ಗೆದ್ದ ಸಂಜೆ ಅವುಗಳಲ್ಲಿ ಒಂದೂ ಸಿಗಲಿಲ್ಲ.

ಮಾರನೆಯ ಸಂಜೆ ವೈದ್ಯ ಎಂದಿನಂತೆ ಬಂದ. ವ್ಯಾಪಾರಿ ಆಗಲೇ ಕಾಯಿ ಜೋಡಿಸಿದ್ದ.

"ಇಷ್ಟು ವರ್ಷ ಯಾಕೆ ಸೋತಿರಿ?"

"ಗೆದ್ದಿದ್ರೆ ನನಗೂ ಗಿರಾಕಿ ಇದಾರೆ ಅಂತಿದ್ರಿ."

"ಇವತ್ತು ನಿಜವಾಗಿ ಆಡಿ."

"ಬೇಡ ಶೆಟ್ಟರೇ."

"ಆಡಿ."

ವೈದ್ಯ ಆಡಿದ. ವ್ಯಾಪಾರಿ ಸೋತ. ಸೋಲು ಕ್ಷಣದಲ್ಲಿ ಬರಲಿಲ್ಲ. ನಡುವೆ ಒಂದು ಹೊತ್ತು ವೈದ್ಯನೂ ಗಲ್ಲಕ್ಕೆ ಕೈಯಿಟ್ಟು ಯೋಚಿಸಿದ್ದ. ಆಟ ಮುಗಿದ ಮೇಲೆ ಅವನು ಏಳಲಿಲ್ಲ. ಕಾಯಿಗಳನ್ನು ಒಂದೊಂದಾಗಿ ಎತ್ತಿ ಹಿಂದಿದ್ದ ಜಾಗಕ್ಕೆ ಇಟ್ಟ.

"ಇಲ್ಲಿ ನೋಡಿ. ಈ ಒಂಟೆ ಹೊಡೆಯೋಕೆ ನಿಮಗೆ ಅವಸರ ಆಯ್ತು. ಇದನ್ನ ಮುಟ್ಟದೆ ಆನೆಯನ್ನ ಈ ಸಾಲಿಗೆ ತಂದಿದ್ರೆ ನಾನು ಒದ್ದಾಡಬೇಕಿತ್ತು."

ವ್ಯಾಪಾರಿ ಮಣೆ ನೋಡಿದ. ಮಾತು ನಿಜವಾಗಿತ್ತು. ಅವನ ಆಟದ ಬಗ್ಗೆ ಯಾರಾದರೂ ಅವನಿಗೆ ಏನಾದರೂ ಹೇಳಿ ಎಷ್ಟೋ ಕಾಲವಾಗಿತ್ತು. ಇನ್ನೊಂದು ಸಲ ತೋರಿಸಿ ಎನ್ನಬೇಕೆಂದು ಅವನಿಗೆ ಅನ್ನಿಸಿತು. ಹೇಳಲು ಬಾಯಿ ತೆರೆದ. ಆದರೆ ಸೋತ ಮೇಲೆ ಆಡಲು ಆ ಬಾಯಿಗೆ ಬರುತ್ತಿದ್ದ ಮಾತು ಒಂದೇ.

"ಗಿರಾಕಿ ಇದಾರೆ, ಪಂಡಿತರೇ."

ವೈದ್ಯ ಅಂಗಡಿಯೊಳಗೆ ಇಣುಕಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಜಗಲಿ ಇಳಿದ. ರಸ್ತೆ ದಾಟಿ ತನ್ನ ಮನೆಯ ಬಾಗಿಲು ಹಾಕಿಕೊಂಡ.

ಅಂದಿನಿಂದ ಆ ಊರಿನಲ್ಲಿ ಹಗ್ಗದ ವ್ಯಾಪಾರಿಯನ್ನು ಯಾರೂ ಸೋಲಿಸಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಇನ್ನೇನಾದರೂ ಇದೆಯೇನೋ ಎಂದು ತಿಪ್ಪೇಶ ಅವರ ಮುಖ ನೋಡಿದ. ಆಮೇಲೆ ಕೇಳಿದ:

"ಹಿಂದಿನಿಂದ ಒಂದು ಸಲ ಕೂಗಿದ್ರೆ ಆ ಪಂಡಿತ ವಾಪಸ್ ಬರ್ತಿದ್ನಾ, ಮೇಷ್ಟ್ರೇ?"

"ಒಂದು ಗಾಡಿ ಅಗಲದ ರಸ್ತೆ ದಾಟೋದಕ್ಕೆ ಅವನು ಬಹಳ ಹೊತ್ತು ತಗೊಂಡನಪ್ಪಾ," ಎಂದರು ಮೇಷ್ಟ್ರು.